ಇದ್ದದ್ದೆಲ್ಲ ಪಣಕ್ಕೆ

ಪೋಕರ್‌ ಆಟದಲ್ಲಿ ಆಲ್‌ಇನ್‌ ಎಂದರೆ ತನ್ನ ಮುಂದಿರುವ ಬಿಲ್ಲೆಗಳನ್ನೆಲ್ಲ ಒಂದೇ ಸಲ ಪಣಕ್ಕೆ ನೂಕುವುದು. ನೋ-ಲಿಮಿಟ್‌ ಆಟದಲ್ಲಿ ಪಣಕ್ಕೆ ಮಿತಿಯಿಲ್ಲವಾದ್ದರಿಂದ ತನ್ನ ಸರದಿ ಬಂದಾಗ ಯಾರು ಬೇಕಾದರೂ ಹೀಗೆ ಮಾಡಬಹುದು. ಇಬ್ಬರೇ ಎದುರುಬದುರು ಕೂಡುವ ಹೆಡ್ಸ್‌ಅಪ್‌ನಲ್ಲಿ ಈ ನಿರ್ಧಾರ ಮೇಲಿಂದ ಮೇಲೆ ಎದುರಾಗುತ್ತದೆ. ಒಂಬತ್ತು ಜನರ ಮೇಜಿನಲ್ಲಿ ಬ್ಲೈಂಡ್‌ ಎಂಬ ಕಡ್ಡಾಯ ಪಣ ಒಬ್ಬೊಬ್ಬನಿಗೆ ಒಂಬತ್ತು ಆಟಕ್ಕೆ ಎರಡು ಸಲ ಬಿದ್ದರೆ, ಇಬ್ಬರೇ ಇದ್ದಾಗ ಪ್ರತಿ ಆಟಕ್ಕೂ ಬೀಳುತ್ತದೆ. ಎಕ್ಕದ ಜೋಡಿ ಬರಲೆಂದು ಕಾದವನ ರಾಶಿ ಕಾಯುತ್ತ ಕಾಯುತ್ತಲೇ ಕರಗಿ ಹೋಗುತ್ತದೆ.

ಧಾರವಾಡ ಸೀಮೆಯ ಇಸ್ಪೀಟಿನವರಿಗೆ ಈ ಸನ್ನಿವೇಶ ತೀರ ಅಪರಿಚಿತವೇನಲ್ಲ. ಮೂರೆಲೆಯ ಆಟದಲ್ಲಿ ಇಬ್ಬರೇ ಉಳಿದಾಗ ಮಾತ್ರ ಶೋ ಕೇಳಬಹುದು. ಅದಕ್ಕೆ ಮುಂಚೆ ಪಣ ಏರಿಸಿ ಏರಿಸಿ ಉಳಿದವರನ್ನು ಪ್ಯಾಕ್‌ ಮಾಡಿಸುವುದೇ, ಅಂದರೆ ಎಲೆ ಬಿಡಿಸುವುದೇ, ಆಟ. ಪ್ಯಾಕ್‌ ಆದವನ ಎಲೆ ಎಷ್ಟು ದೊಡ್ಡದಿತ್ತೆಂದು ಆಮೇಲೆ ಯಾರೂ ಕೇಳುವುದಿಲ್ಲ. ಆಲ್‌ಇನ್‌ನ ಬಲವೂ ಇಲ್ಲಿಯೇ ಅಡಗಿದೆ. ನೂಕಿದವನಿಗೆ ಗೆಲ್ಲಲು ಎರಡು ಬಾಗಿಲುಗಳಿವೆ: ಎದುರಾಳಿ ಎಲೆ ಬಿಡಬಹುದು, ಬಿಡದಿದ್ದರೆ ತನ್ನ ಎಲೆ ಮೇಲಾಗಬಹುದು. ಅಷ್ಟೇ ಪಣ ಇಟ್ಟು ಕಾಲ್‌ ಮಾಡುವವನಿಗೆ ಇರುವುದು ಎರಡನೆಯ ಬಾಗಿಲು ಮಾತ್ರ.

ಲೆಕ್ಕಕ್ಕೆ ಮೊದಲು ನೋಡಬೇಕಾದದ್ದು ಚಿಕ್ಕ ರಾಶಿಯನ್ನು. ಒಬ್ಬನ ಬಳಿ 1,000, ಇನ್ನೊಬ್ಬನ ಬಳಿ 5,000 ಬಿಲ್ಲೆಗಳಿದ್ದರೆ ನಿಜವಾಗಿ ಪಣಕ್ಕೆ ಬೀಳುವುದು 1,000 ಮಾತ್ರ. ದೊಡ್ಡ ರಾಶಿಯವನ ಉಳಿದ 4,000 ಆ ಆಟದ ಮಟ್ಟಿಗೆ ಇಲ್ಲದ ಹಾಗೆಯೇ.

ಬ್ಲೈಂಡ್‌ 50 ಮತ್ತು 100, ಇಬ್ಬರ ರಾಶಿಯೂ ತಲಾ 1,000 ಎಂದಿಟ್ಟುಕೊಳ್ಳೋಣ. ಹೆಡ್ಸ್‌ಅಪ್‌ ನಿಯಮದಂತೆ ಹಂಚುವ ಸ್ಥಾನದಲ್ಲಿರುವವನೇ 50 ಇಟ್ಟು ಮೊದಲು ನಡೆಯುತ್ತಾನೆ. ಅವನ ಕೈಯಲ್ಲಿ ಉಳಿದದ್ದು 950. ಎಲೆ ಬಿಟ್ಟರೆ ಅಷ್ಟು ಗಟ್ಟಿ. ಎಲ್ಲವನ್ನೂ ನೂಕಿದಾಗ ಎದುರಾಳಿ ಪ್ಯಾಕ್‌ ಆದರೆ 1,100 ಆಗುತ್ತದೆ. ಎದುರಾಳಿ ಕಾಲ್‌ ಮಾಡಿದರೆ ನಡುವೆ 2,000 ಸೇರುತ್ತದೆ. ಆಗ ತನ್ನ ಎಲೆ ನೂರಕ್ಕೆ 35 ಸಲ ಗೆಲ್ಲುವಂಥದ್ದಾಗಿದ್ದರೆ ಸರಾಸರಿ ಪಾಲು 700. ಒಂದು ಕಡೆ 1,100, ಇನ್ನೊಂದು ಕಡೆ 700, ನಡುವೆ ಸಾಟಿಯಾಗಬೇಕಾದ 950. ಎದುರಾಳಿ ನೂರಕ್ಕೆ 62.5ಕ್ಕಿಂತ ಹೆಚ್ಚು ಸಲ ಎಲೆ ಬಿಡುವವನಾದರೆ ನೂಕುವುದು ಲಾಭ, ಅದಕ್ಕಿಂತ ಕಡಿಮೆಯಾದರೆ ನಷ್ಟ. ಅದೇ ಎಲೆಯ ಗೆಲುವು ನೂರಕ್ಕೆ 40 ಆದರೆ ಎದುರಾಳಿ ಅರ್ಧದಷ್ಟು ಸಲ ಬಿಟ್ಟರೂ ಸಾಕು. ಗೆಲ್ಲುವ ಆಸೆಯೇ ಇಲ್ಲದ ಎಲೆ ಹಿಡಿದು ಬರೀ ಹೆದರಿಸಹೊರಟವನಿಗೆ ಎದುರಾಳಿ ನೂರಕ್ಕೆ 86ಕ್ಕೂ ಹೆಚ್ಚು ಸಲ ಬಿಡಬೇಕು. ಎಲೆಗೆ ಅಷ್ಟಿಷ್ಟು ಜೀವ ಇದ್ದರೂ ಲೆಕ್ಕ ಎಷ್ಟು ಹಗುರವಾಗುತ್ತದೆ ಎಂಬುದನ್ನು ಈ ಮೂರು ಅಂಕಿಗಳು ತೋರಿಸುತ್ತವೆ. ಟೆಕ್ಸಾಸ್‌ ಹೋಲ್ಡೆಮ್‌ ಎಂಬ ಪೋಕರ್‌ ಬಗೆಯಲ್ಲಿ ಕೈಗೆ ಎರಡೇ ಎಲೆ ಬಂದ ಹೊತ್ತಿನಲ್ಲಿ ಪೂರ್ತಿ ಸತ್ತ ಎಲೆ ಎಂಬುದು ಇಲ್ಲ. ಬಣ್ಣ ಕೂಡದ ಏಳು-ಎರಡು ಕೂಡ ಯಾವುದೋ ಒಂದು ಕೈಯ ಎದುರು ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ. ಎಕ್ಕದ ಜೋಡಿಯೂ ನೂರಕ್ಕೆ 85 ಸಲ ಗೆಲ್ಲುತ್ತದೆಯೇ ಹೊರತು ನೂರಕ್ಕೆ ನೂರಲ್ಲ.

ಈಗ ಎದುರು ಕುಳಿತವನ ಲೆಕ್ಕ. ಅವನು ಆಗಲೇ 100 ಇಟ್ಟಿದ್ದಾನೆ, ಇನ್ನು 900 ಹಾಕಿ 2,000ಕ್ಕೆ ಆಡಬೇಕು. ಅವನ ಎಲೆ ನೂರಕ್ಕೆ 45 ಸಲವಾದರೂ ಗೆಲ್ಲಬೇಕು. ಹೀಗಾಗಿ ನೂಕಲು ಯೋಗ್ಯವಾದ ಎಲೆಗಳೆಲ್ಲ ಕಾಲ್‌ ಮಾಡಲು ಯೋಗ್ಯವಲ್ಲ. ಒಂದೇ ಬಣ್ಣದ ಆರು-ಐದು ನೂಕುವವನ ಕೈಯಲ್ಲಿ ಚಲೋ ಎಲೆ, ಕಾಲ್‌ ಮಾಡುವವನ ಕೈಯಲ್ಲಿ ಬಿಡಬೇಕಾದ ಎಲೆ. ಎಕ್ಕದ ಜೊತೆ ಸಣ್ಣದೊಂದು ಎಲೆ ಇದ್ದರೆ ಕಾಲ್‌ ಮಾಡಬಹುದು. ಇಬ್ಬರೂ ತಪ್ಪಿಲ್ಲದೆ ಆಡಿದರೆ, ಹತ್ತು ಬ್ಲೈಂಡಿನ ರಾಶಿಯಲ್ಲಿ ನೂಕುವವನು ಬಂದ ಎಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೂಕುತ್ತಾನೆ, ಎದುರಿನವನು ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಸಲ ಕಾಲ್‌ ಮಾಡುತ್ತಾನೆ. ಹೊಸಬರಿಗೆ ಇದು ಹುಚ್ಚುತನವೆನಿಸಿ, ದೊಡ್ಡ ಎಲೆ ಬರಲೆಂದು ತಡೆಯುತ್ತಾರೆ. ಇಬ್ಬರ ಆಟದಲ್ಲಿ ಸೋಲು ಹೆಚ್ಚಾಗಿ ಈ ತಡೆಯುವಿಕೆಯಿಂದಲೇ ಬರುತ್ತದೆ.

ರಾಶಿ ದೊಡ್ಡದಾದಂತೆ ಮಾತು ಬದಲಾಗುತ್ತದೆ. ಅದೇ 50-100ರ ಬ್ಲೈಂಡಿಗೆ ತಲಾ 10,000 ಇದ್ದಾಗ 150 ಗೆಲ್ಲಲು 9,950ನ್ನು ಅಪಾಯಕ್ಕೊಡ್ಡಬೇಕು. ನೂರಕ್ಕೆ 35ರ ಎಲೆಯಾದರೆ ಎದುರಾಳಿ ನೂರಕ್ಕೆ 95 ಸಲ ಬಿಡಬೇಕು, ಅಂಥ ಎದುರಾಳಿ ಸಿಗುವುದಿಲ್ಲ. ಅಲ್ಲಿ ಸಣ್ಣ ಪಣದಿಂದ ಹೊರಟು, ಇಬ್ಬರಿಗೂ ಸಲ್ಲುವ ನಡುವಿನ ಎಲೆಗಳು ತೆರೆದ ಮೇಲೆ ನಿರ್ಧರಿಸುವುದೇ ಸರಿ.

ತೆರೆದ ಮೇಲಿನ ಒಂದು ಸನ್ನಿವೇಶವನ್ನು ನಿಧಾನವಾಗಿ ನೋಡಬೇಕು, ಇಡೀ ವಿಷಯದ ತಿರುಳು ಅದರಲ್ಲಿದೆ. ಮೂರು ಎಲೆ ತೆರೆದಿವೆ, ಒಬ್ಬನ ಬಳಿ ಒಂದೇ ಬಣ್ಣದ ನಾಲ್ಕು ಎಲೆ ಕೂಡಿವೆ, ಐದು ಕೂಡಿದರೆ ಗೆಲುವು ಅವನದು ಎಂದಿಟ್ಟುಕೊಳ್ಳೋಣ. ಐದನೆಯದಾಗಬಲ್ಲ ಎಲೆಗಳು ಇನ್ನೂ ಒಂಬತ್ತು. ಬರಬೇಕಾದ ಎರಡು ಎಲೆಗಳಲ್ಲಿ ಅವುಗಳೊಳಗೆ ಒಂದಾದರೂ ಬೀಳುವ ಸಂಭವ ನೂರಕ್ಕೆ 35. ನಡುವೆ 1,000 ಇದೆ, ಇಬ್ಬರ ಬಳಿಯೂ ತಲಾ 2,000 ಉಳಿದಿದೆ. ಎದುರಾಳಿಯೇ ಮೊದಲು 2,000 ನೂಕಿದರೆ ಇವನು 5,000ಕ್ಕಾಗಿ 2,000 ಹಾಕಬೇಕು, ನೂರಕ್ಕೆ 40 ಗೆಲುವು ಬೇಕು. ಇರುವುದು 35. ಬಿಡಬೇಕು. ಇವನೇ ಮೊದಲು ನೂಕಿದರೆ, ಎದುರಾಳಿ ಕಾಲ್‌ ಮಾಡಿದಾಗ ಸರಾಸರಿ ನಷ್ಟ 250, ಬಿಟ್ಟಾಗ ಲಾಭ 1,000. ಐದರಲ್ಲಿ ಒಂದು ಸಲ ಎದುರಾಳಿ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ, ಎರಡು ಸಲ ಬಿಟ್ಟರೆ ಲಾಭ. ಎಲೆ ಅದೇ, ಹಣ ಅದೇ, ಮುಂದೆ ಬರುವ ಎಲೆಗಳ ಸಂಭವವೂ ಅದೇ. ಮೊದಲು ನೂಕಿದವರು ಯಾರು ಎಂಬುದಷ್ಟೇ ಬೇರೆ. ಆದ್ದರಿಂದ ಆಲ್‌ಇನ್‌ಗೆ ಮುಂಚೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಎದುರಿನವನು ಎಲೆ ಬಿಡಬಲ್ಲನೇ ಎಂಬುದು. ಏನೇ ಆದರೂ ಬಿಡದವನ ಎದುರು ಹೆದರಿಸುವ ಆಟ ಆಡಕೂಡದು. ಅಲ್ಲಿ ಗಟ್ಟಿ ಎಲೆಯೇ ಬೇಕು. ಅವನ ರಾಶಿ ಆಗಲೇ ಬಹುಪಾಲು ನಡುವೆ ಬಿದ್ದಿದ್ದರೂ ಇದೇ ಮಾತು, ಏಕೆಂದರೆ ಅವನಿಗೆ ಹಿಂದೆ ಸರಿಯುವ ದಾರಿ ಮುಚ್ಚಿರುತ್ತದೆ.

ಹೀಗೆ ಹೆದರಿಸುವುದು ಗಣಿತದ ಭಾಗವೇ ಎಂದು ತೋರಿಸಿದವರು ಜಾನ್‌ ವಾನ್‌ ನ್ಯೂಮನ್‌. 1928ರ ಅವರ ಪ್ರಬಂಧ, ಆಸ್ಕರ್‌ ಮಾರ್ಗನ್‌ಸ್ಟರ್ನ್‌ ಜೊತೆ 1944ರಲ್ಲಿ ಬರೆದ ಗ್ರಂಥ, ಆಮೇಲೆ 1950ರಲ್ಲಿ ಬಂದ ಜಾನ್‌ ನ್ಯಾಶ್‌ ಅವರ ಸಮತೋಲದ ಸಿದ್ಧಾಂತ, ಈ ಲೆಕ್ಕಗಳಿಗೆಲ್ಲ ತಳಹದಿ. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್‌ ವಿಶ್ವವಿದ್ಯಾಲಯದ ಲಿಬ್ರಾಟಸ್‌ ಎಂಬ ಕಂಪ್ಯೂಟರ್‌ ಪ್ರೋಗ್ರಾಂ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ವೃತ್ತಿಪರರನ್ನು 1,20,000 ಹೆಡ್ಸ್‌ಅಪ್‌ ಆಟಗಳಲ್ಲಿ ಸೋಲಿಸಿತು. ನಡುವೆ ಇರುವ ಹಣದ ಹಲವು ಪಟ್ಟು ಪಣವನ್ನು ಅದು ಅಳುಕಿಲ್ಲದೆ ಒಡ್ಡುತ್ತಿತ್ತು.

ಧಾರವಾಡ ಜಿಲ್ಲೆಗೆ ಇದಕ್ಕಿಂತ ಹಳೆಯ ಪಣವೊಂದು ಗೊತ್ತು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನವಲಗುಂದದ ಜಮಖಾನೆಗಳನ್ನು ಹೆಣ್ಣುಮಕ್ಕಳೇ ನೇಯುತ್ತಾರೆ, ಅವುಗಳಲ್ಲಿ ಪಗಡೆ ಹಾಸು ಎಂಬುದೊಂದು ಬಗೆ. ಪಗಡೆಯ ಮನೆಗಳೇ ಅದರ ಚಿತ್ತಾರ. ಭಾರತದ ದ್ಯೂತವನ್ನು ಕನ್ನಡಕ್ಕೆ ತಂದ ಕುಮಾರವ್ಯಾಸ ಇದೇ ಜಿಲ್ಲೆಯ ಕೋಳಿವಾಡದವನು. ದ್ಯೂತವೂ ಇಬ್ಬರ ಆಟ, ಮಿತಿಯಿಲ್ಲದ ಪಣ. ಧರ್ಮರಾಯ ನಕುಲ, ಸಹದೇವ, ಅರ್ಜುನ, ಭೀಮರನ್ನು ಒಬ್ಬೊಬ್ಬರಾಗಿ ಒಡ್ಡಿ, ಕೊನೆಗೆ ತನ್ನನ್ನೂ ಒಡ್ಡಿ ಸೋತು, ಆಮೇಲೆ ದ್ರೌಪದಿಯನ್ನು ಇಟ್ಟ. ಆ ಸೋಲನ್ನು ಸಾಮಾನ್ಯವಾಗಿ ಶಕುನಿಯ ಕಪಟಕ್ಕೋ ಧರ್ಮರಾಯನ ವ್ಯಸನಕ್ಕೋ ಹಚ್ಚುತ್ತಾರೆ. ಪಣದ ಲೆಕ್ಕದಲ್ಲಿ ಇನ್ನೊಂದು ಕಾರಣವೂ ಇದೆ. ದಾಳಕ್ಕೆ ಪಣದ ಗಾತ್ರ ತಿಳಿಯದು. ಅಲ್ಲಿ ಎಷ್ಟು ಒಡ್ಡಿದರೂ ಎದುರಾಳಿ ಪ್ಯಾಕ್‌ ಆಗುವ ಪ್ರಶ್ನೆಯಿಲ್ಲ. ಪಣ ಏರಿದಂತೆ ಸೋಲು ಏರುತ್ತದೆ, ಗೆಲ್ಲುವ ಸಂಭವ ಇದ್ದಲ್ಲೇ ಇರುತ್ತದೆ. ಒಂದೇ ಬಾಗಿಲಿನ ಆಟದಲ್ಲಿ ಸರ್ವಸ್ವವನ್ನೂ ಇಡಲು ಲೆಕ್ಕದ ಸಮರ್ಥನೆ ಸಿಗುವುದಿಲ್ಲ.

ಕಾನೂನಿನ ಮಾತು ಚಿಕ್ಕದು. ಹಣ ಕಟ್ಟಿ ಆಡುವ ಆನ್‌ಲೈನ್‌ ಆಟಗಳನ್ನು ನಿಷೇಧಿಸಿದ್ದ 2021ರ ಕರ್ನಾಟಕ ಪೊಲೀಸ್‌ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟು 2022ರ ಫೆಬ್ರುವರಿ 14ರಂದು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರ ತಂದ ಕಾಯ್ದೆ, ಕೌಶಲ ಅದೃಷ್ಟ ಎಂಬ ಭೇದವಿಲ್ಲದೆ, ಹಣದ ಆನ್‌ಲೈನ್‌ ಆಟಗಳನ್ನೆಲ್ಲ ನಿಷೇಧಿಸಿತು. ಮನೆ ಮಾರು ಕಳೆದುಕೊಂಡವರನ್ನು ಕಂಡವರಿಗೆ ಈ ನಿಷೇಧದ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಲೆಕ್ಕ ಸರಿಯಾಗಿ ಬಲ್ಲವನಿಗೂ ಅಪಾಯ ತಪ್ಪಿದ್ದಲ್ಲ: ನೂರಕ್ಕೆ 60 ಗೆಲ್ಲುವ ಎಲೆ ಹಿಡಿದು ಇರುವುದೆಲ್ಲವನ್ನೂ ಸತತ ಐದು ಸಲ ಒಡ್ಡಿದರೆ, ಐದರಲ್ಲೂ ಉಳಿಯುವ ಸಂಭವ ನೂರಕ್ಕೆ 8ಕ್ಕಿಂತ ಕಡಿಮೆ. ಬಿಲ್ಲೆ ಮುಗಿದರೆ ಆ ಆಟ ಮುಗಿಯಿತು, ನಾಳೆ ಇನ್ನೊಂದಕ್ಕೆ ಕೂಡಬಹುದು. ಮನೆಯ ದುಡ್ಡು ಮುಗಿದರೆ ಹಾಗೆ ಕೂಡಲಾಗದು.

ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಎರೆ ಭೂಮಿಯ ಊರುಗಳಲ್ಲಿ ಈ ಒಂದೇ ಬಾಗಿಲಿನ ಆಟ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಗೋಧಿ, ಕುಸುಬಿ. ಹಿಂಗಾರಿ ಬೆಳೆ ಹೆಚ್ಚುಪಾಲು ಎರೆ ಮಣ್ಣು ಹಿಡಿದಿಟ್ಟ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ನಿಲ್ಲುವಂಥದ್ದು. ಉತ್ತರಿ ಮಳೆ ಆದ ಕೂಡಲೇ ಕೂರಿಗೆ ಹೂಡಬೇಕೇ, ಹಸ್ತ ಬರಲೆಂದು ತಡೆಯಬೇಕೇ? ಬೇಗ ಬಿತ್ತಿದರೆ ಮುಂದಿನ ಜಡಿಮಳೆಗೆ ಬೀಜ ಕೊಳೆಯಬಹುದು, ತಡಮಾಡಿದರೆ ಮೇಲಿನ ಹಸಿ ಆರಿಹೋಗಬಹುದು. ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರು, ಲಾವಣಿ ಹಿಡಿದ ಹೊಲವಾದರೆ ಅದರ ಹಣ, ಇಷ್ಟೂ ಒಂದೇ ವಾರದಲ್ಲಿ ಮಣ್ಣಿಗೆ ಬೀಳುತ್ತದೆ. ಮಳೆ ಪ್ಯಾಕ್‌ ಆಗುವುದಿಲ್ಲ. ರೈತ ಎಷ್ಟು ಒಡ್ಡಿದ್ದಾನೆಂದು ನೋಡಿ ಅದು ಹಿಂದೆ ಸರಿಯುವುದಿಲ್ಲ, ಮುಂದೆ ಬರುವುದೂ ಇಲ್ಲ.

ಅದಕ್ಕೆ ತಕ್ಕ ಆಟವನ್ನು ಆ ಸೀಮೆಯ ಒಕ್ಕಲುತನ ಬಹಳ ಹಿಂದೆಯೇ ಕಟ್ಟಿಕೊಂಡಿದೆ. ಇರುವ ಹೊಲವನ್ನೆಲ್ಲ ಒಂದೇ ದಿನ ಬಿತ್ತುವುದಿಲ್ಲ, ತಗ್ಗಿನ ಪಟ್ಟಿಗೂ ಏರಿನ ಪಟ್ಟಿಗೂ ನಡುವೆ ನಾಲ್ಕಾರು ದಿನದ ಅಂತರ ಬಿಡುತ್ತಾರೆ. ಜೋಳದ ನಡುವೆ ಕಡಲೆಯದೋ ಕುಸುಬಿಯದೋ ಅಕ್ಕಡಿ ಸಾಲು ಬರುತ್ತದೆ. ಬದುವಿಗೆ ಹಚ್ಚಿದ ಕುಸುಬಿಯ ಮುಳ್ಳು ದನ ತಡೆಯುತ್ತದೆ, ಜೋಳ ಕೈಕೊಟ್ಟ ವರ್ಷ ಅದರ ಎಣ್ಣೆ ಮನೆಗಾಗುತ್ತದೆ. ಕಡಲೆಯ ಬಿತ್ತನೆಗೆ ಎಕರೆಗೆ 20-25 ಕಿಲೊ ಬೀಜ ಬೇಕು. ಮೊದಲ ಬಿತ್ತಿಗೆ ಹೋದರೆ ಮತ್ತೊಂದು ಬಿತ್ತಿಗೆಗೆ ಎಂದು ಅದರ ಮೇಲೆ ಒಂದಷ್ಟು ತೆಗೆದಿಡುವ ಮನೆಗಳೂ ಇವೆ. ಆ ಚೀಲದ ಬಾಯಿ ಬಿಚ್ಚುವುದು, ಹೊಲದಿಂದ ಒಂದು ಹಿಡಿ ಮಣ್ಣು ಎತ್ತಿ ಉಂಡೆ ಕಟ್ಟಿ ಹಸಿ ಇನ್ನೂ ಇದೆಯೆಂದು ಖಾತ್ರಿಯಾದ ಮೇಲೆಯೇ.