ಯಂತ್ರದ ಮೈಬಿಸಿ

ಮನುಷ್ಯನ ಮೈ ಬೆಚ್ಚಗಿರುವುದು ಆರೋಗ್ಯದ ಲಕ್ಷಣ. ಅದು ತಣ್ಣಗಾದರೇ ಮನೆಯವರಿಗೆ ದಿಗಿಲು. ಬಿಸಿಯೆಂದ ಮಾತ್ರಕ್ಕೆ ಜ್ವರವಲ್ಲ. ಎಷ್ಟು ಬಿಸಿ, ಎಲ್ಲಿಯ ಬಿಸಿ, ಯಾವ ಹೊತ್ತಿನ ಬಿಸಿ ಎಂಬುದನ್ನು ವಿಚಾರಿಸಿದ ಮೇಲೆಯೇ ವೈದ್ಯನು ನಿರ್ಣಯ ಹೇಳುವನು. ಮೊದಲು ಪ್ರಕೃತಿಯನ್ನು ಅರಿತು ಆಮೇಲೆ ವಿಕೃತಿಯನ್ನು ಹುಡುಕಬೇಕೆಂದು ಆಯುರ್ವೇದದವರು ಹೇಳುವುದು ಈ ಕಾರಣದಿಂದಲೇ. ಈ ವಿವೇಕವು ದೇಹಕ್ಕೆ ಸಲ್ಲುವಂತೆ ಮೋಟಾರು ಗಾಡಿಗೂ ಸಲ್ಲುವುದೆಂಬುದನ್ನು ಗುಂಡ್ಲುಪೇಟೆಯ ಒಂದು ಮನೆಯವರು ಉದಕಮಂಡಲದ ಘಾಟಿಯಲ್ಲಿ ಕಲಿತರು.

ಆ ಮನೆಯ ಹಿರಿಯರು ಎಪ್ಪತ್ತು ದಾಟಿದವರು. ಪ್ರಾಯದಲ್ಲಿ ಒಂದು ಹಳೆಯ ಜೀಪನ್ನು ಇಟ್ಟುಕೊಂಡು ಹೊಲದ ತರಕಾರಿಯನ್ನು ಹೇರಿಕೊಂಡು ಎಷ್ಟೋ ಸಲ ನೀಲಗಿರಿಯನ್ನು ಹತ್ತಿ ಇಳಿದವರು. ಆ ಕಾಲದಲ್ಲಿ ಬೆಟ್ಟದ ಪ್ರಯಾಣವೆಂದರೆ ಎರಡು ಡಬ್ಬ ನೀರೂ ಒಂದು ಗೋಣಿಯ ತುಂಡೂ ಜೊತೆಗಿರಲೇಬೇಕು. ಗುಂಡ್ಲುಪೇಟೆಯು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರು ಎತ್ತರದಲ್ಲಿದೆ. ಉದಕಮಂಡಲವಾದರೋ 2,200 ಮೀಟರಿಗೂ ಮೇಲೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ನೀರು ಬೇಗ ಕುದಿಯುತ್ತದೆ. ಸಮುದ್ರತೀರದಲ್ಲಿ 100 ಡಿಗ್ರಿ ಸೆಂಟಿಗ್ರೇಡಿಗೆ ಕುದಿಯುವ ನೀರು ಗುಂಡ್ಲುಪೇಟೆಯಲ್ಲಿ 97ರ ಹತ್ತಿರ, ಉದಕಮಂಡಲದಲ್ಲಿ 93ಕ್ಕೂ ಮುಂಚೆಯೇ ಕುದಿಯುವುದು. ಬರಿಯ ನೀರನ್ನು ತುಂಬಿದ ಹಳೆಯ ರೇಡಿಯೇಟರು ಘಾಟಿಯ ನಡುವೆ ಹಬೆಯುಗುಳಿದರೆ ಆಶ್ಚರ್ಯವೇನು? ಗಾಡಿಯನ್ನು ನಿಲ್ಲಿಸುವುದು, ಗೋಣಿಯನ್ನು ನೆನೆಸಿ ಮುಚ್ಚಳದ ಮೇಲೆ ಹಾಕಿ ತಿರುಗಿಸುವುದು, ನೀರು ಹೊಯ್ಯುವುದು. ಇದೇ ಅವರು ಬಲ್ಲ ಚಿಕಿತ್ಸೆ.

ಮಗನಿಗೆ ಚಾಮರಾಜನಗರದಲ್ಲಿ ಉದ್ಯೋಗ. ಆತನು ಕೊಂಡದ್ದು ಟರ್ಬೊ ಕೂಡಿದ ಸಣ್ಣ ಪೆಟ್ರೋಲು ಕಾರು. ಚಾಲಕನ ಮುಂದಿನ ಫಲಕದಲ್ಲಿ ಬಿಸಿಯನ್ನು ತೋರಿಸುವ ಮುಳ್ಳೊಂದಿದ್ದರೂ ಆತನಿಗೆ ಅದು ಸಾಲದಾಯಿತು. ಅನೇಕ ಗಾಡಿಗಳಲ್ಲಿ ಈ ಮುಳ್ಳು ಸಾಧಾರಣವಾದ ಏರಿಳಿತಗಳನ್ನು ತೋರಿಸದೆ ನಡುಮಧ್ಯದಲ್ಲಿಯೇ ನಿಂತಿರುವಂತೆ ತಯಾರಕರು ಏರ್ಪಡಿಸಿರುತ್ತಾರೆಂದು ಕೇಳಿ, ಸ್ಟಿಯರಿಂಗಿನ ಕೆಳಗೆ ಸಿಕ್ಕಿಸುವ ಒಂದು ಸಣ್ಣ ಉಪಕರಣವನ್ನು ತರಿಸಿದನು. ಅಂದಿನಿಂದ ಎಂಜಿನಿನ ಒಳಗಿನ ಅಂಕೆಗಳೆಲ್ಲ ಆತನ ಫೋನಿನಲ್ಲಿ ಕಾಣತೊಡಗಿದವು. ಅಂಕೆಗಳು ಬಂದುವು, ಅವುಗಳ ಅರ್ಥ ಮಾತ್ರ ಇನ್ನೂ ಬಂದಿರಲಿಲ್ಲ.

ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ವಾಹನಸಂಚಾರವು 2009ರಿಂದ ನಿಷಿದ್ಧವಾಗಿದೆಯಷ್ಟೆ. ಒಂದು ಬೆಳಿಗ್ಗೆ ಬಾಗಿಲು ತೆರೆದೊಡನೆಯೇ ಹಿರಿಯರೂ ಮಗನೂ ಸೊಸೆಯೂ ಆರು ವರ್ಷದ ಮೊಮ್ಮಗನೂ ಹೊರಟರು. ಕಾಡಿನುದ್ದಕ್ಕೂ ಕೂಲೆಂಟಿನ ಬಿಸಿ 90ರ ಆಸುಪಾಸಿನಲ್ಲಿಯೂ ಎಂಜಿನು ಸೇದಿಕೊಳ್ಳುವ ಗಾಳಿಯ ಬಿಸಿ 32ರಲ್ಲಿಯೂ ಇತ್ತು. ಗೂಡಲೂರನ್ನು ಬಿಟ್ಟು ಏರು ಹತ್ತುವಾಗ ಹಿರಿಯರು, "ಏನೋ ಸಿಹಿವಾಸನೆ ಬರುತ್ತಿದೆಯಲ್ಲಪ್ಪಾ" ಎಂದರು. ಮಗನ ಲಕ್ಷ್ಯವು ಅಂಕೆಗಳ ಮೇಲಿತ್ತು. ಮುಂದೆ ಒಂದು ಬಸ್ಸು ಹೊಗೆಯುಗುಳುತ್ತ ಆಮೆಯ ನಡೆಯಲ್ಲಿ ಹತ್ತುತ್ತಿತ್ತು. ಗಾಳಿಯ ಬಿಸಿ 58 ಆಯಿತು. ಕೂಲೆಂಟು 103ಕ್ಕೆ ಏರಿತು. ನೂರು ದಾಟಿತೆಂದ ಕೂಡಲೇ ಮಗನಿಗೆ ಎದೆ ಹಾರಿತು. ದಾರಿ ಅಗಲವಾದಲ್ಲಿ ಗಾಡಿಯನ್ನು ನಿಲ್ಲಿಸಿ, ಎಂಜಿನನ್ನು ಆರಿಸಿ, ಬಾನೆಟ್ಟನ್ನು ಎತ್ತಿದನು.

ಹಿರಿಯರ ಕೈ ಅಭ್ಯಾಸಬಲದಿಂದ ತಾನೇ ನಡೆಯಿತು. ಹೆಗಲ ಮೇಲಿನ ವಸ್ತ್ರವನ್ನು ಬಾಟಲಿಯ ನೀರಿನಲ್ಲಿ ನೆನೆಸಿ ಮುಚ್ಚಳದ ಮೇಲೆ ಇಟ್ಟರು. ಮೊಮ್ಮಗನು ಬೆರಳ ತುದಿಯಲ್ಲಿ ನಿಂತು ಇಣಿಕಿ ನೋಡುತ್ತಿದ್ದನು. ಸೊಸೆಯು ಮಗುವನ್ನು ಹಿಂದಕ್ಕೆ ಸೆಳೆದಳು. ಮಗನು ತಂದೆಯ ಮಣಿಕಟ್ಟನ್ನು ಬಲವಾಗಿ ಹಿಡಿದುಕೊಂಡನು.

"ಬಿಡೋ, ನಿನಗಿಂತ ಮುಂಚೆ ಇದನ್ನು ತೆಗೆದವನು ನಾನು."

"ಬೇಡಿ ಅಪ್ಪಾಜಿ. ಬಿಸಿಯಿರುವಾಗ ತೆಗೆಯಬಾರದೆಂದು ಅದರ ಮೇಲೆಯೇ ಬರೆದಿದೆ."

ಹಿರಿಯರು ವಸ್ತ್ರವನ್ನು ಕೊಡವಿಕೊಂಡು ದೂರ ಹೋಗಿ ಒಂದು ಕಲ್ಲಿನ ಮೇಲೆ ಕುಳಿತರು. ಮುಕ್ಕಾಲು ಗಂಟೆ ಯಾರೂ ಮಾತನಾಡಲಿಲ್ಲ. ಆಮೇಲೆ ಮೆಲ್ಲಗೆ ಹತ್ತಿ, ಸಂಜೆಯೊಳಗೆ ಇಳಿದು ಬಂದರು. ಮರುದಿನ ಚಾಮರಾಜನಗರದ ಒಬ್ಬ ಅನುಭವಸ್ಥ ಮೆಕ್ಯಾನಿಕ್ಕಿನ ಬಳಿಗೆ ತಂದೆಮಕ್ಕಳಿಬ್ಬರೂ ಹೋದರು.

ಆತನು ಹೇಳಿದುದರ ಸಾರಾಂಶವಿದು. ಈಗಿನ ಎಂಜಿನಿನಲ್ಲಿ ಹರಿಯುವುದು ಬರಿಯ ನೀರಲ್ಲ. ಗ್ಲೈಕಾಲ್ ಬೆರೆತ ದ್ರವ. ಅದನ್ನು ಬಿಗಿಯಾದ ಮುಚ್ಚಳದೊಳಗೆ, ಹೊರಗಿನದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಇರಿಸಿರುವುದರಿಂದ ಬೆಟ್ಟದ ಮೇಲೆಯೂ 120 ಡಿಗ್ರಿಯ ಸುಮಾರಿನ ವರೆಗೆ ಅದು ಕುದಿಯದು. ಎಂಜಿನು ತಣ್ಣಗಿರುವಾಗ ಥರ್ಮೋಸ್ಟಾಟು ದ್ರವವನ್ನು ರೇಡಿಯೇಟರಿಗೆ ಬಿಡದೆ ತಡೆದು, 82ರಿಂದ 92 ಡಿಗ್ರಿಯೊಳಗೆ ತೆರೆದುಕೊಳ್ಳುವುದು. ಆದುದರಿಂದ 85ರಿಂದ 100 ಎಂಬುದು ಪ್ರಕೃತಿ; ಏರಿನಲ್ಲಿ 105ರ ವರೆಗೆ ಹೋಗಿ, ಪಂಖ ತಿರುಗಿದ ಮೇಲೆ ಇಳಿದರೆ ಅದೂ ಪ್ರಕೃತಿಯೇ. 110ನ್ನು ದಾಟಿ ಇಳಿಯದೆ ಏರುತ್ತಲೇ ಇದ್ದರೆ ಅದು ವಿಕೃತಿ, ಆಗ ನಿಲ್ಲಿಸಲೇಬೇಕು. ಆದರೆ ಆ ಒತ್ತಡವೇ ಅಪಾಯಕ್ಕೂ ಕಾರಣ. ಮುಚ್ಚಳವನ್ನು ತೆರೆದ ಕ್ಷಣದಲ್ಲಿ ಒತ್ತಡ ಹೋಗಿ, ಅದುವರೆಗೆ ಸುಮ್ಮನಿದ್ದ ದ್ರವವು ಒಮ್ಮೆಲೇ ಕುದಿದು ಮುಖದ ಎತ್ತರಕ್ಕೆ ಚಿಮ್ಮುವುದು. ಒದ್ದೆಬಟ್ಟೆಯು ಅದನ್ನು ತಡೆಯಲಾರದು.

ಗಾಳಿಯ ಲೆಕ್ಕವೇ ಬೇರೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬೂಶಿಯು 1905ರಲ್ಲಿ ಪೇಟೆಂಟು ಪಡೆದ ಉಪಾಯವು ಟರ್ಬೊದ ಮೂಲ. ವ್ಯರ್ಥವಾಗಿ ಹೊರಹೋಗುವ ಹೊಗೆಯ ವೇಗದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರ ಜೊತೆಗಾರ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಒಳಗೆ ತುಂಬುವುದು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯೇರುವಂತೆ, ಒತ್ತಿದ ಗಾಳಿ ಬಿಸಿಯಾಗುವುದು. 30 ಡಿಗ್ರಿಯ ಗಾಳಿಯ ಒತ್ತಡವನ್ನು ಇಮ್ಮಡಿ ಮಾಡಿದರೆ ಅದು 120ರ ಸುತ್ತಮುತ್ತ ಹೋಗುತ್ತದೆ. ಬಿಸಿಗಾಳಿ ತೆಳುವಾದದ್ದು, ಅದರಿಂದ ಬಲ ಕಡಿಮೆ, ಪೆಟ್ರೋಲು ಅಕಾಲದಲ್ಲಿ ಸಿಡಿಯುವ ಭಯವೂ ಉಂಟು. ಅದಕ್ಕಾಗಿ ಇಂಟರ್‌ಕೂಲರೆಂಬ ಎರಡನೆಯ ಶೋಧನೆ. ಅದು ಗಾಳಿಯನ್ನು 45ಕ್ಕೆ ಇಳಿಸಿದರೆ ಅದೇ ಅಳತೆಯಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ಗಾಳಿ ಹಿಡಿಯುತ್ತದೆ. ಗಾಡಿ ಓಡುತ್ತಿರುವಾಗ ಒಳಬರುವ ಗಾಳಿ ಹೊರಗಿನದಕ್ಕಿಂತ 10, 15 ಡಿಗ್ರಿ ಹೆಚ್ಚಾಗಿರುವುದು ಸಹಜ. ಆದರೆ ಇಂಟರ್‌ಕೂಲರಿಗೆ ಬೇಕಾದದ್ದು ಎದುರುಗಾಳಿ. ಬಸ್ಸಿನ ಹಿಂದೆ ತೆವಳುವಾಗ ಅದೆಲ್ಲಿ ಬರಬೇಕು? ಆಗ 58 ಆದುದು ರೋಗವಲ್ಲ. ದಾರಿ ಬಿಡುವಾದೊಡನೆ ಅದು ತಾನೇ ಇಳಿಯುವುದು. ಏರು ಹತ್ತಿ ಬಳಲಿದ ಟರ್ಬೊವನ್ನು ಥಟ್ಟನೆ ಆರಿಸದೆ ಒಂದೆರಡು ನಿಮಿಷ ನಿಧಾನವಾಗಿ ಓಡಗೊಟ್ಟು ಆಮೇಲೆ ಆರಿಸುವುದು ಮೇಲು. ಇಲ್ಲವಾದರೆ ಅದರ ಬಿಸಿಗೆ ಒಳಗೆ ನಿಂತ ಎಣ್ಣೆ ಸುಟ್ಟು ಕರಿಕಟ್ಟೀತು.

ಹೀಗೆ ಹೇಳುತ್ತ ಟಾರ್ಚು ಹಿಡಿದು ಬಗ್ಗಿದ ಮೆಕ್ಯಾನಿಕ್ಕನು ಸುಮ್ಮನಾದನು. ರಬ್ಬರು ಕೊಳವೆಯೊಂದರ ಪಟ್ಟಿಯ ಸಂದಿನಲ್ಲಿ ಬಣ್ಣದ ಉಪ್ಪಿನಂತಹ ಕೆನೆ ಕಟ್ಟಿತ್ತು. ದ್ರವವು ಹನಿಹನಿಯಾಗಿ ಸೋರಿ ಆರಿದ ಗುರುತದು. ತೊಟ್ಟಿಯಲ್ಲಿ ದ್ರವವು ಕೆಳಗಿನ ಗೆರೆಗಿಂತ ತಗ್ಗಾಗಿತ್ತು. "ದಾರಿಯಲ್ಲಿ ಸಿಹಿವಾಸನೆ ಬರಲಿಲ್ಲವೆ ಸ್ವಾಮಿ?" ಎಂದು ಕೇಳಿದನು. ಮಗನು ತಲೆ ತಗ್ಗಿಸಿದನು. ಇನ್ನಷ್ಟು ಸೋರಿದ್ದರೆ ಬಿಸಿಯನ್ನು ಅಳೆಯುವ ಕಡ್ಡಿಯ ಸುತ್ತ ದ್ರವವಿಲ್ಲದೆ ಬರಿಯ ಹಬೆ ನಿಂತು, ಎಂಜಿನು ಬೇಯುತ್ತಿದ್ದರೂ ಫೋನು ಕಡಿಮೆ ಅಂಕೆಯನ್ನೇ ತೋರಿಸಬಹುದಾಗಿತ್ತಂತೆ. ಭಯಪಡಬೇಕಾಗಿಲ್ಲದ 103ಕ್ಕೆ ಮಗನು ಬೆದರಿದ್ದನು. ವಿಚಾರಿಸಬೇಕಾಗಿದ್ದ ವಾಸನೆಯನ್ನು ಕೇಳಿಯೂ ಕೇಳದವನಾಗಿದ್ದನು. ತಂದೆಯ ಮೂಗು ನಿಜವನ್ನೇ ಹೇಳಿತ್ತು. ಅವರ ಕೈ ಮಾತ್ರ ಹಳೆಯ ಕಾಲದಲ್ಲಿತ್ತು.

ಕೊಳವೆಯನ್ನೂ ಪಟ್ಟಿಯನ್ನೂ ಬದಲಾಯಿಸಿದ್ದಾಯಿತು. ಆ ಸಂಜೆ ಗುಂಡ್ಲುಪೇಟೆಯ ಮನೆಯ ಜಗಲಿಯಲ್ಲಿ ಮೊಮ್ಮಗನು, "ತಾತ, ಮುಚ್ಚಳ ತೆಗೆದಿದ್ದರೆ ಏನಾಗುತ್ತಿತ್ತು?" ಎಂದನು. ಹಿರಿಯರು ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಸರಿಸಿದರು. ಒಳತೋಳಿನ ಉದ್ದಕ್ಕೂ ಸುಕ್ಕುಗಟ್ಟಿದ ಬಿಳಿಯ ಕಲೆ. ಮಗನು ಅದನ್ನು ಚಿಕ್ಕಂದಿನಿಂದ ನೋಡಿದ್ದನು. ಒಲೆಯ ಸುಟ್ಟಗಾಯವೆಂದು ತಿಳಿದಿದ್ದನು.

"ಇದು ಜೀಪು ಕೊಟ್ಟದ್ದು ಮಗು. ಆ ಹೊತ್ತು ಕೈ ಹಿಡಿಯುವವರು ಯಾರೂ ಜೊತೆಯಲ್ಲಿರಲಿಲ್ಲ" ಎಂದು ಹೇಳಿ ತೋಳನ್ನು ಇಳಿಸಿಕೊಂಡರು.