ಸಾವಕಾಶ ಓಡ್ರಪಾ

ಬಾಸ್ಟನ್ ಮ್ಯಾರಥಾನ್ 1897ರಲ್ಲಿ ಶುರುವಾದದ್ದು ಏಪ್ರಿಲ್‌ನಲ್ಲಿ, ಇಂದಿಗೂ ಅದರ ತಿಂಗಳು ಅದೇ. ಚಳಿ ಹಿಮ್ಮೆಟ್ಟಿ ಮರ ಚಿಗುರಿದರೆ ಅಲ್ಲಿಯವರ ಕಾಲಿಗೂ ಹುರುಪು. ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲೂ ಯುಗಾದಿಗೆ ಬೇವು ಚಿಗುರಿ ಹೂ ಬಿಡುತ್ತದೆ. ಆದರೆ ಬೆಳಿಗ್ಗೆ ಒಂಬತ್ತಕ್ಕೇ ಡಾಂಬರು ಕಾಯತೊಡಗುತ್ತದೆ. ಮಧ್ಯಾಹ್ನ 40 ಡಿಗ್ರಿ ಮುಟ್ಟುವ ಸೀಮೆಯಲ್ಲಿ ವಸಂತದ ಮ್ಯಾರಥಾನ್ ಎಂದರೆ ಎಮ್ಮೆಯೂ ನಕ್ಕೀತು. ಮುಂಬೈಯವರು ತಮ್ಮ ಮ್ಯಾರಥಾನನ್ನು ಜನವರಿಯಲ್ಲೇ ಮುಗಿಸಿಕೊಳ್ಳುತ್ತಾರೆ. ಬೆಂಗಳೂರಿನ ವರ್ಲ್ಡ್ 10ಕೆ ಏಪ್ರಿಲ್-ಮೇನಲ್ಲಿ ನಡೆಯುತ್ತದೆ, ನಿಜ. ಆದರೆ ಅದು 900 ಮೀಟರ್ ಎತ್ತರದಲ್ಲಿ ಕೂತ ಊರು, ಓಡಬೇಕಾದದ್ದೂ ಹತ್ತೇ ಕಿಲೋಮೀಟರ್.

ಹಾಗಂತ ಕಾರಟಗಿ ಸೀಮೆಯಲ್ಲಿ ಓಡುವವರಿಗೇನೂ ಬರವಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಊರುಗಳಲ್ಲಿ, ಅಕ್ಕಿ ಗಿರಣಿಗಳ ಮುಂದೆ ಲಾರಿಗಳು ಸಾಲುಗಟ್ಟುವ ಮೊದಲೇ, ಗದ್ದೆಗಳ ನಡುವಿನ ರಸ್ತೆಗೆ ಹುಡುಗರ ಗುಂಪು ಇಳಿಯುತ್ತದೆ. ಅವರ ಕಣ್ಣು ಇರುವುದು 1,600 ಮೀಟರ್ ಮೇಲೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ ಅಷ್ಟು ದೂರವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹುಡುಗಿಯರಿಗೆ 400 ಮೀಟರ್, ಎರಡು ನಿಮಿಷ. ಅಗ್ನಿವೀರ ಭರ್ತಿಯ ಗಡಿಯಾರ ಇನ್ನೂ ಬಿಗಿ. ಗುರುತಿಗೆ ರಸ್ತೆಯಂಚಿನಲ್ಲಿ ಬಿಟ್ಟ ಒಂದು ಜೊತೆ ಚಪ್ಪಲಿ, ಸಮಯ ನೋಡಲು ಮೊಬೈಲು. ಓಡಿ ಬಂದವನು ಮೊಣಕಾಲ ಮೇಲೆ ಕೈಯೂರಿ ಬಾಗಿದರೆ ಸುತ್ತಲಿನವರೆಲ್ಲ ಒಟ್ಟಿಗೇ ಗದರುತ್ತಾರೆ: "ಕೂಡಬ್ಯಾಡಲೇ, ಅಡ್ಡಾಡು!" ಇವರಿಗೆ ಕೋಚ್ ಎಂದರೆ ಪಿ.ಟಿ. ಮಾಸ್ತರರು, ರಜೆಗೆ ಬಂದ ಸೈನಿಕ, ಇಲ್ಲವೇ ಹಿಂದಿನ ಭರ್ತಿಯಲ್ಲಿ ನಾಲ್ಕು ಸೆಕೆಂಡಿನಿಂದ ತಪ್ಪಿಸಿಕೊಂಡ ಹಿರಿಯ ಹುಡುಗ. ಸೋತವನ ಪಾಠಕ್ಕೇ ಹೆಚ್ಚು ಬೆಲೆ. ಯಾವ ತಿರುವಿನಲ್ಲಿ ಉಸಿರು ಕೈಕೊಡುತ್ತದೆಂದು ಅವನಿಗೆ ಗೊತ್ತು.

ಇಂಥ ಹುಡುಗರನ್ನು ಮ್ಯಾರಥಾನಿಗೆ ಅಣಿಗೊಳಿಸಹೊರಟರೆ ಕೋಚನ ಕೆಲಸವೇ ತಿರುವುಮುರುವಾಗುತ್ತದೆ. ಅಲ್ಲಿ "ಇನ್ನಾ ಜೋರು" ಎಂದು ಕೂಗಿದವನು ಇಲ್ಲಿ "ಸಾವಕಾಶ ಓಡ್ರಪಾ" ಎಂದು ಹಿಂದಿನಿಂದ ಜಗ್ಗಬೇಕು. ಮೈಯಲ್ಲಿ ಕೂಡಿಟ್ಟ ಸಕ್ಕರೆಯಂಶ ಸುಮಾರು 30 ಕಿಲೋಮೀಟರ್ ದಾಟುವಷ್ಟರಲ್ಲಿ ಬರಿದಾಗತೊಡಗುತ್ತದೆ. ಮೊದಲೇ ಜೋರು ಮಾಡಿದವರಿಗೆ ಇನ್ನೂ ಬೇಗ. ಓಟಗಾರರ ಬಾಯಲ್ಲಿ ಅದಕ್ಕೆ 'ಗೋಡೆ' ಎಂದೇ ಹೆಸರು. ಅದನ್ನು ಮುಂದೂಡಲಿಕ್ಕೇ ವಾರಕ್ಕೊಂದು ಉದ್ದ ಓಟ, ಅದೂ ಮಾತಾಡುತ್ತ ಓಡಬಹುದಾದ ವೇಗದಲ್ಲಿ. "ಓಡಕೋತ ಮಾತಾಡಾಕ ಬರವಲ್ದಂದ್ರ ನೀ ಭಾಳ ಜೋರ್ ಹೊಂಟೀ ಅಂತ ತಿಳಕೋ." ಒಬ್ಬನೇ ಓಡುವವನಿಗೆ ಈ ಪರೀಕ್ಷೆ ಕಷ್ಟ, ತನ್ನೊಡನೆ ತಾನೇ ಎಷ್ಟು ಹರಟ್ಯಾನು? ಗುಂಪಿನ ನಿಜವಾದ ಪ್ರಯೋಜನ ಇದು. ಹುರಿದುಂಬಿಸಲು ಗುಂಪು ಬೇಕು ಎನ್ನುವವರು ಅರ್ಧವನ್ನಷ್ಟೇ ಹೇಳುತ್ತಾರೆ.

ಕನ್ನಡ ನಾಡಿಗೆ ಈ ಓಟ ಹೊಸದಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು; ತೆಗೆದುಕೊಂಡದ್ದು 2 ಗಂಟೆ 50 ನಿಮಿಷ 45 ಸೆಕೆಂಡು. ಆ ವರ್ಷದ ದಾರಿ ಈಗಿನ 42.195 ಕಿಲೋಮೀಟರಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಿತ್ತು. ಪುಣೆಯ ಡೆಕ್ಕನ್ ಜಿಮ್ಖಾನಾ ಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತ ಹುಡುಗರನ್ನು ಕಂಡೇ ಉದ್ಯಮಿ ದೊರಾಬ್ಜಿ ಟಾಟಾ ಅವರಿಗೆ ಆ ಒಲಿಂಪಿಕ್ಸಿಗೆ ತಂಡ ಕಳಿಸುವ ಹಂಬಲ ಹುಟ್ಟಿತ್ತು. 2026ರ ಬಾಸ್ಟನ್ನಿಗೆ 35ರೊಳಗಿನ ಗಂಡಸರಿಗೆ ಇಟ್ಟ ಅರ್ಹತೆಯ ಗಡುವು 2 ಗಂಟೆ 55 ನಿಮಿಷ. ಶತಮಾನದ ಹಿಂದಿನ ಚೌಗುಲೆ ಆ ಗಡುವಿನೊಳಗೂ ಬರುತ್ತಿದ್ದರು. ಬೆಳಗಾವಿಯ ಹೊರಗೆ ಅವರ ಹೆಸರು ಎಷ್ಟು ಮಂದಿಗೆ ಗೊತ್ತಿದೆಯೋ!

ಬಿಸಿಲಿಗೆ ಮೈ ಒಗ್ಗಲು ಹತ್ತು-ಹದಿನಾಲ್ಕು ದಿನ ಸಾಕೆನ್ನುತ್ತದೆ ಕ್ರೀಡಾವಿಜ್ಞಾನ. ಆದರೆ ಕಾರಟಗಿಯಲ್ಲಿ ನೀರು ನಿಂತ ಗದ್ದೆಗಳ ನಡುವೆ ಗಾಳಿಯೂ ತೇವ. ಬೆವರು ಆರದೆ ಬರೀ ಇಳಿದುಹೋಗುತ್ತದೆ, ಮೈ ತಣಿಯುವುದಿಲ್ಲ. ಹಾಗಾಗಿ ಉದ್ದ ಓಟವೇನಿದ್ದರೂ ನಸುಕಿನ ನಾಲ್ಕೂವರೆಗೆ, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ. ಅನ್ನಕ್ಕಂತೂ ಈ ಸೀಮೆಯಲ್ಲಿ ಕೊರತೆಯಿಲ್ಲ. ತಂಟೆ ಇರುವುದು ಇಲ್ಲಿಯ ಮೆಚ್ಚಿನ ತಿಂಡಿ ಒಗ್ಗರಣಿ-ಮಿರ್ಚಿಯದು: ಓಟದ ಹಿಂದಿನ ದಿನ ಮಿರ್ಚಿ ಬಂದ್ ಎಂದ ಕೋಚ್ ಆ ಒಂದು ದಿನ ಎಲ್ಲರ ಬಾಯಲ್ಲೂ ಬೈಸಿಕೊಳ್ಳಬೇಕು.

ಮ್ಯಾರಥಾನಿನವರಿಗೆ ಒಂದು ಸುಖವಿದೆ, ಓಟದ ತಾರೀಖು ತಿಂಗಳುಗಟ್ಟಲೆ ಮೊದಲೇ ಗೊತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿ ಹದಿನಾರೋ ಇಪ್ಪತ್ತೋ ವಾರದ ತಾಲೀಮು ಹೆಣೆಯಬಹುದು, ಕೊನೆಯ ಎರಡು-ಮೂರು ವಾರ ಓಟ ಇಳಿಸಿ ಕಾಲಿಗೆ ಬಿಡುವು ಕೊಡಬಹುದು. ಗದ್ದೆ ರಸ್ತೆಯ ಹುಡುಗರಿಗೆ ಅದೂ ಇಲ್ಲ. ಭರ್ತಿಯ ಅಧಿಸೂಚನೆ ಈ ವರ್ಷವೋ ಮುಂದಿನ ವರ್ಷವೋ, ದೈಹಿಕ ಪರೀಕ್ಷೆ ಯಾವ ತಿಂಗಳೋ, ಅಷ್ಟರಲ್ಲಿ ವಯಸ್ಸಿನ ಮಿತಿ ಮೀರೀತೋ. ಯಾವ ದಿನಕ್ಕೆ ಮೈ ಹದಕ್ಕೆ ಬರಬೇಕೆಂದೇ ತಿಳಿಯದೆ, ಅವರು ವರ್ಷವಿಡೀ ಆರೂವರೆ ನಿಮಿಷವನ್ನು ಕಾಲಲ್ಲಿ ಇಟ್ಟುಕೊಂಡೇ ಇರಬೇಕು. ನಡುವೆ ನಾಟಿಗೂ ಸುಗ್ಗಿಗೂ ಮನೆಯವರ ಜೊತೆ ಗದ್ದೆಗಿಳಿಯಬೇಕು.