ಮಳೆ ರಜೆ

ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮ ಬಿಳಗಿ ಕಡೆಯ ಮಕ್ಕಳಿಗೆ ಪಾಠಕ್ಕಿಂತ ಜಿಲ್ಲಾಧಿಕಾರಿಗಳ ಮೇಲೆಯೇ ಗಮನ ಹೆಚ್ಚು. ಸಿದ್ದಾಪುರ ತಾಲೂಕಿಗೆ ನಾಳೆ ರಜೆ ಉಂಟೋ ಇಲ್ಲವೋ ಎಂದು ರಾತ್ರಿಯವರೆಗೂ ಅಪ್ಪನ ಮೊಬೈಲು ನೋಡುತ್ತ ಕೂರುತ್ತಾರೆ. ನನ್ನನ್ನೂ ಕೇಳುತ್ತಾರೆ. ವಿಜ್ಞಾನದ ಮಾಸ್ತರನಿಗೆ ಮಳೆಯ ಗುಟ್ಟು ಗೊತ್ತಿರುತ್ತದೆಂಬ ನಂಬಿಕೆ ಅವರದು!

ಮಳೆ ರಜೆ ಎಂದಾಗಲೆಲ್ಲ ನನಗೆ ಹಳೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಕೆಲಸಕ್ಕೆ ಸೇರಿದ ಹೊಸತು. ಮೊಬೈಲ್ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಹನಿಯುತ್ತಿದ್ದ ಮಳೆ ಹನ್ನೊಂದರ ಹೊತ್ತಿಗೆ ಹಂಚು ಒಡೆಯುವಂತೆ ಸುರಿಯತೊಡಗಿತು. ಅಂದು ಶಾಲೆಯ ಹೊಣೆ ನನ್ನ ಮೇಲಿತ್ತು. ಮಕ್ಕಳು ಬೇಗ ಮನೆ ಸೇರಲೆಂದು ಗಂಟೆ ಹೊಡೆಸಿ ಬಿಟ್ಟುಬಿಟ್ಟೆ. ಒಳ್ಳೆಯ ಕೆಲಸ ಮಾಡಿದೆನೆಂದೇ ತಿಳಿದಿದ್ದೆ.

ಅರ್ಧ ಗಂಟೆಯ ನಂತರ ಕಂಬಳಿಕೊಪ್ಪೆ ಹೊದ್ದ ಹಿರಿಯರೊಬ್ಬರು ಎಂಟನೆಯ ತರಗತಿಯ ಹುಡುಗಿಯೊಬ್ಬಳ ಕೈ ಹಿಡಿದುಕೊಂಡು ಬಂದರು. ಹಳ್ಳ ಉಕ್ಕಿ, ಅಡಕೆ ಮರದ ಸಂಕದ ಮೇಲೆ ನೀರು ಹರಿಯುತ್ತಿತ್ತಂತೆ. ಅವಳು ಆಗಲೇ ಒಂದು ಕಾಲು ಇಟ್ಟಾಗಿತ್ತು. "ಮಾಸ್ತರೇ, ಮಕ್ಕಳನ್ನ ಬಿಡೋ ಮೊದ್ಲು ಹಳ್ಳ ನೋಡಿ ಬರೂಕೆ ಯಾರನ್ನಾದ್ರೂ ಕಳ್ಸಬೇಕಿತ್ತು" ಎಂದರು. ಅಷ್ಟೇ. ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು.

ನಮ್ಮ ತಲೆಯ ಮೇಲೆ ಮಳೆ ನಿಂತರೂ ಹಳ್ಳ ಏರುತ್ತಲೇ ಇರಬಹುದು. ಗುಡ್ಡದ ಮೇಲೆ ಬಿದ್ದ ನೀರು ಇಳಿದು ಬರಲು ಹೊತ್ತು ಬೇಕು. ಹರಿವಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ಇದನ್ನೆಲ್ಲ ಬಿ.ಎಸ್‌ಸಿ.ಯಲ್ಲಿ ಓದಿ, ಕಪ್ಪುಹಲಗೆಯ ಮೇಲೂ ಬರೆದವನು ನಾನು. ಗಂಟೆ ಹೊಡೆಸುವಾಗ ಮಾತ್ರ ನೆನಪಾಗಲಿಲ್ಲ.

ಇಂಥ ತಪ್ಪು ದೊಡ್ಡ ಊರುಗಳಲ್ಲೂ ಆಗುತ್ತದೆ. 2014ರ ಜನವರಿ 28ರಂದು ಅಮೆರಿಕದ ಅಟ್ಲಾಂಟಾದಲ್ಲಿ ಹಿಮ ಬಿತ್ತು. ಬಿದ್ದದ್ದು ಎರಡು-ಮೂರು ಅಂಗುಲ. ಹಿಮ ಶುರುವಾದ ಮೇಲೆ ಶಾಲೆ, ಕಚೇರಿ, ಅಂಗಡಿ ಎಲ್ಲವೂ ಒಮ್ಮೆಲೇ ಬಿಟ್ಟವು. ರಸ್ತೆಗಳು ವಾಹನಗಳಿಂದ ಕಟ್ಟಿಕೊಂಡು, ಹಿಮ ಕರಗಿಸಲು ಉಪ್ಪು ಎರಚುವ ಲಾರಿಗಳಿಗೂ ದಾರಿಯಿಲ್ಲವಾಯಿತು. ಸಾವಿರಾರು ಮಕ್ಕಳು ಆ ರಾತ್ರಿಯನ್ನು ಶಾಲೆಯಲ್ಲೇ ಕಳೆದರು. ರಾಜ್ಯದ ಗವರ್ನರು ಕೊನೆಗೆ ಜನರ ಕ್ಷಮೆ ಕೇಳಿದರು.

ನಮ್ಮ ಜಿಲ್ಲೆಯೂ ಕಡಿಮೆ ಕಂಡಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆಗಳು ಹೋದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಇಳಿದು ಜೀವಗಳು ಹೋದವು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲೆಯ ಹೊಣೆ ಜಿಲ್ಲಾಧಿಕಾರಿಗಳದು. ಈಗ ಪಂಚಾಯತಿ ಮಟ್ಟದಲ್ಲೂ ಮಳೆಮಾಪಕಗಳಿವೆ, ಸಹಾಯಕ್ಕೆ 1077 ಇದೆ, ಮನೆ ಬಿಟ್ಟವರಿಗೆ ಕಾಳಜಿ ಕೇಂದ್ರ ತೆರೆಯುತ್ತಾರೆ. ಹಿಂದಿನ ರಾತ್ರಿಯೇ ರಜೆ ಸಾರುವುದು ಈ ವ್ಯವಸ್ಥೆಯ ಬಹು ಮುಖ್ಯ ಭಾಗ. ಮಕ್ಕಳು ಮನೆಯಿಂದ ಹೊರಡುವ ಮೊದಲೇ ಅವರನ್ನು ನಿಲ್ಲಿಸಿದಂತಾಗುತ್ತದೆ.

ಆದರೆ ಆಜ್ಞೆ ಶಾಲೆಯ ಗೇಟಿನವರೆಗೆ ಬಂದೀತು. ಅಲ್ಲಿಂದ ಮನೆಯವರೆಗಿನ ದಾರಿ ನಮ್ಮದು. ಯಾವ ಹಳ್ಳದ ಮೇಲೆ ಎಷ್ಟು ನೀರಿದೆಯೆಂದು ಕಾರವಾರದಲ್ಲಿ ಕುಳಿತವರಿಗೆ ಹೇಗೆ ತಿಳಿಯಬೇಕು? ಅಂದಿನಿಂದ ಪ್ರತಿ ಜೂನ್‌ನಲ್ಲಿ ನಾನೊಂದು ಪಟ್ಟಿ ಮಾಡುತ್ತೇನೆ: ಯಾವ ಮಗು ಯಾವ ಸಂಕ ದಾಟುತ್ತದೆ, ಆಚೆ ದಡದಲ್ಲಿ ಯಾರ ಮನೆಯಿದೆ. ಹಳ್ಳ ನೋಡಿ ಬಂದವರು ಸರಿಯಿದೆ ಎನ್ನುವವರೆಗೆ ಆ ಮಕ್ಕಳು ಶಾಲೆಯಲ್ಲೇ. ಪಾಲಕರೇ, ಮಗು ತಡವಾಗಿ ಬಂದರೆ ಗದರಬೇಡಿ. ಮಕ್ಕಳೇ, ರಜೆ ಸಿಕ್ಕಿತೆಂದು ಹೊಳೆ ನೋಡಲು ಓಡಬೇಡಿ. ರಜೆ ಕೊಟ್ಟದ್ದೇ ಆ ಹೊಳೆಗಾಗಿ.

ಅಂದಿನ ಆ ಹುಡುಗಿಯ ಮಗ ಈಗ ನನ್ನ ತರಗತಿಯಲ್ಲಿದ್ದಾನೆ. ಮಧ್ಯಾಹ್ನ ಮಳೆ ಜೋರಾದರೆ ಅವಳ ಫೋನು ಬರುತ್ತದೆ: "ಸರ್, ಹಳ್ಳ ನೋಡಿ ಬಂದ್ರಾ?"

ನೋಡಿ ಬಂದ ಮೇಲೆಯೇ ಉತ್ತರಿಸುತ್ತೇನೆ.